ಬ್ಯಾನರಿನಲ್ಲಿ ಹೀರೋ... ಬಾಕಿ ಬುಕ್ಕಿನಲ್ಲಿ ಅಭಿಮಾನಿ!

ಯಾದಗಿರಿ ಬಸ್ ನಿಲ್ದಾಣ. ಶಹಾಪುರದ ಬಸ್ಸಿಗೆ ಕಾಯುತ್ತಾ ನಿಂತಿದ್ದೀರಿ. ಕೈಯಲ್ಲಿ ಈ ಪತ್ರಿಕೆ. ತಲೆ ಎತ್ತಿದರೆ ಎದುರಿಗೇ ನಿಮ್ಮ ಹೀರೋ! ಹನ್ನೆರಡು ಅಡಿ ಎತ್ತರ, ಕಪ್ಪು ಕನ್ನಡಕ, ಬೆನ್ನ ಹಿಂದೆ ಬೆಂಕಿ, ಪಕ್ಕದಲ್ಲಿ ಸಿಂಹ. ಕೆಳಗೆ ಅಂಚೆಚೀಟಿ ಗಾತ್ರದಲ್ಲಿ ಇಪ್ಪತ್ತು ಮಂದಿ ಅಭಿಮಾನಿಗಳ ಮುಖ. ಅದರಲ್ಲಿ ನಿಮ್ಮದೂ ಒಂದಿರಬಹುದು. ಸರಿ, ಈಗ ಕೆಳಗಿನ ಮೂಲೆ ನೋಡಿ. ಇರುವೆ ಸಾಲಿನಂಥ ಅಕ್ಷರದಲ್ಲಿ ಯಾವುದೋ ‘ಆರ್ಟ್ಸ್’ ಹೆಸರು, ಒಂದು ಮೊಬೈಲ್ ನಂಬರು. ಓದಿದ್ದೀರಾ? ಇಲ್ಲ. ಯಾರೂ ಓದುವುದಿಲ್ಲ.

ಆ ಮೂಲೆಯ ಮನುಷ್ಯನ ಕಥೆಯೇ ಈ ವಾರದ ಕಥೆ. ಒಂದೇ ಕುರ್ಚಿ, ಒಂದೇ ಕಂಪ್ಯೂಟರು, ಒಬ್ಬನೇ ಮನುಷ್ಯ. ಇಂಥ ಅಂಗಡಿ ಹೇಗೆ ನಡೆಯುತ್ತದೆ, ಯಾಕೆ ಮುಚ್ಚುತ್ತದೆ? ಈ ಕಥೆಗೆ ಒಬ್ಬ ವಿಲನ್ನೂ ಇದ್ದಾನೆ. ಅವನನ್ನು ಕೊನೆಯ ರೀಲಿಗೆ ಇಟ್ಟಿದ್ದೇನೆ. ಸ್ವಲ್ಪ ತಾಳಿ!

ಪಿಯುಸಿ ಬಿಟ್ಟವನ ಕಾಲೇಜು

ಹನ್ನೊಂದು ವರ್ಷದ ಹಿಂದೆ ನಾನು ಪಿಯುಸಿಗೆ ಅರ್ಧದಲ್ಲೇ ಕೈ ಮುಗಿದು ಬಂದೆ. ಮನೆಯಲ್ಲಿ ಬೈಗುಳ, ಹೊರಗೆ ಬಿಸಿಲು. ನೆರಳು ಸಿಕ್ಕಿದ್ದು ಶಹಾಪುರದ ಒಂದು ಓಣಿಯ ಡಿಸೈನ್ ಅಂಗಡಿಯಲ್ಲಿ. ಎಂಟಡಿಗೆ ಹತ್ತಡಿ ಕೋಣೆ. ಅದರ ಯಜಮಾನರನ್ನು ಇಡೀ ಓಣಿ ‘ಮಾಮಾ’ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ಹೆಸರು ಇಲ್ಲಿ ಬೇಡ.

ಮಾಮಾ ಬ್ರಷ್ಷಿನ ಕಾಲದವರು. ಟಾಕೀಸಿನ ಇಂಟರ್ವಲ್‌ನಲ್ಲಿ ಬೀಳುತ್ತಿದ್ದ ಗಾಜಿನ ಸ್ಲೈಡು ಬರೆದವರು. ‘ನಾಳೆಯಿಂದ’ ಎಂಬ ನಾಲ್ಕಕ್ಷರವನ್ನು ಬೆರಳುಗುರಿನಷ್ಟು ಜಾಗದಲ್ಲಿ ಬರೆದರೆ ಪರದೆಯ ಮೇಲೆ ಅದು ಆನೆಯಷ್ಟಾಗುತ್ತಿತ್ತು! ಗೋಡೆಗೆ ಸುಣ್ಣ ಹೊಡೆದು, ಬಣ್ಣದ ದಾರ ಹಿಡಿದು ಗೆರೆ ಚಿಮ್ಮಿಸಿ, ಫೋಟೋದ ಮೇಲೆ ಚೌಕ ಹಾಕಿ, ಅದೇ ಚೌಕವನ್ನು ಗೋಡೆಯ ಮೇಲೆ ದೊಡ್ಡದು ಮಾಡಿ, ಹೀರೋನ ಮೂಗು ಹೀರೋನ ಮೂಗಿನಂತೆಯೇ ಬರುವ ಹಾಗೆ ಬರೆಯುತ್ತಿದ್ದರು. 2000ದ ನಂತರ ಫ್ಲೆಕ್ಸ್ ನಮ್ಮ ಕಡೆಗೂ ಬಂತು. ಮೂರು ದಿನದ ಗೋಡೆ ಕೆಲಸ ಮೂರು ತಾಸಿಗೆ ಇಳಿಯಿತು. ಮಾಮಾ ಅಳಲಿಲ್ಲ. ಸಾಲ ಮಾಡಿ ಕಂಪ್ಯೂಟರ್ ತಂದರು. ಕೋರೆಲ್ ಡ್ರಾ ಕಲಿತರು, ಫೋಟೋಶಾಪ್ ಕಲಿತರು, ನುಡಿ ಕೀಲಿಮಣೆ ಕಲಿತರು. ಮೂರೂರಿನಲ್ಲಿ ಅಂಥ ಕೈ ಇನ್ನೊಂದಿಲ್ಲ ಎಂದು ನಾನು ಇವತ್ತೂ ಹೇಳುತ್ತೇನೆ.

ಕೆಲಸಕ್ಕೂ ಬರವಿರಲಿಲ್ಲ. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು. ಬೋರ್ಡುಗಳ ಮೇಲೆ ‘ಜಿಲ್ಲೆ: ಗುಲಬರ್ಗಾ’ ಹೋಗಿ ‘ಜಿಲ್ಲೆ: ಯಾದಗಿರಿ’ ಬರಬೇಕಾಯಿತು. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಕಲಬುರಗಿಯಾಯಿತು. ಮತ್ತೆ ಬೋರ್ಡು! ಆಮೇಲೆ ಹುಣಸಗಿ, ವಡಗೇರಾ, ಗುರುಮಠಕಲ್ ಹೊಸ ತಾಲ್ಲೂಕುಗಳಾದವು. ಮತ್ತೂ ಬೋರ್ಡು! ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ, ತಿಂಥಣಿಯ ಮೌನೇಶ್ವರನ ಜಾತ್ರೆ, ಗೋಗಿಯ ಉರುಸು, ಮದುವೆ, ಚುನಾವಣೆ... ಎಲ್ಲದಕ್ಕೂ ಬ್ಯಾನರು.

ಅಂದರೆ ಕಲೆ ಇತ್ತು, ಕೆಲಸ ಇತ್ತು, ಗಿರಾಕಿ ಇದ್ದ. ಆದರೂ ಅಂಗಡಿ ಮುಚ್ಚಿತು. ಯಾಕೆ?

ಕಲಬುರಗಿಯಿಂದ ಹೋದ ಒಬ್ಬ ಹುಡುಗ

ಉತ್ತರ ಹುಡುಕುವ ಮೊದಲು ನಮ್ಮ ಸೀಮೆಯ ಒಬ್ಬ ದೊಡ್ಡ ಮನುಷ್ಯನ ಕಡೆ ನೋಡೋಣ. ಕಲಬುರಗಿಯಲ್ಲಿ ಎಸ್. ಎಂ. ಪಂಡಿತ್ ರಂಗಮಂದಿರ ನೋಡಿದ್ದೀರಲ್ಲ? ಆ ಪಂಡಿತರು 1916ರಲ್ಲಿ ಅದೇ ಊರಿನಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿತು ಮುಂಬಯಿ ಸೇರಿದರು. ಅಲ್ಲಿನ ಮೆಟ್ರೋ ಟಾಕೀಸಿಗೆ ಬರುತ್ತಿದ್ದ ಹಾಲಿವುಡ್ಡಿನ ಎಂಜಿಎಂ ಚಿತ್ರಗಳಿಗೆ ಶೋಕಾರ್ಡು ಬರೆದರು. ‘ಫಿಲ್ಮ್ ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು. ದೇಶದ ಚಿತ್ರರಸಿಕರು ನಟ ನಟಿಯರನ್ನು ಬಣ್ಣದಲ್ಲಿ ಕಂಡದ್ದು ಇಂಥ ಕೈಗಳಿಂದ. ಆಗ ತೆರೆಯ ಮೇಲೆ ಬಹುಪಾಲು ಕಪ್ಪು ಬಿಳುಪೇ ತಾನೆ!

ಆದರೆ ನಾನು ಹೇಳಬೇಕೆಂದಿರುವುದು ಅವರ ಬಣ್ಣದ ವಿಷಯವಲ್ಲ, ವ್ಯವಹಾರದ ವಿಷಯ. ಮೊದಲು ಇನ್ನೊಬ್ಬರ ಸ್ಟುಡಿಯೋದಲ್ಲಿ ದುಡಿದರು. ಕೈ ಪಳಗಿದ ಮೇಲೆ 1940ರ ದಶಕದಲ್ಲಿ ಸ್ವಂತ ಸ್ಟುಡಿಯೋ ಮಾಡಿದರು. ಸಿನಿಮಾ ಒಂದನ್ನೇ ನೆಚ್ಚಿ ಕೂರಲಿಲ್ಲ. ಪೋಸ್ಟರ್ ಒಂದು ಕಡೆ, ಪತ್ರಿಕೆ ಒಂದು ಕಡೆ, ಜಾಹೀರಾತು ಮತ್ತೊಂದು ಕಡೆ. ಮೇಲೆ ಕ್ಯಾಲೆಂಡರು! ಪುರಾಣದ ಅವರ ಚಿತ್ರಗಳು ಕ್ಯಾಲೆಂಡರಾಗಿ ಮನೆಮನೆಯ ಗೋಡೆ ಏರಿದವು. ಕನ್ಯಾಕುಮಾರಿಯ ವಿವೇಕಾನಂದರ ಚಿತ್ರವೂ ಅವರದೇ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತಿತ್ತು. 1960ರ ದಶಕದ ಕೊನೆಗೆ ಊರಿಗೆ ಮರಳಿದರು, 1993ರಲ್ಲಿ ತೀರಿಕೊಂಡರು. ಹೋದದ್ದು ಕೈ ಖಾಲಿ ಹುಡುಗ, ಮರಳಿದ್ದು ಹೆಸರಾಂತ ಕಲಾವಿದ.

ಇದಕ್ಕೆ ತಿರುಗುಮುರುಗಾದ ಪಾಠ ಸುರಪುರದಲ್ಲಿದೆ. ಅಲ್ಲಿ ನಾಯಕ ಅರಸರ ಆಶ್ರಯದಲ್ಲಿ ಒಂದು ಸೊಗಸಾದ ಚಿತ್ರಕಲೆ ಬೆಳೆದಿತ್ತು. ದೇವರ ಚಿತ್ರ, ಅರಸರ ಚಿತ್ರ, ಚಿನ್ನದ ಕೆಲಸ. ಆದರೆ ದೊಡ್ಡ ಗಿರಾಕಿ ಒಬ್ಬನೇ: ಅರಮನೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಂತ. ಸಂಸ್ಥಾನ ಹೋಯಿತು. ಎರಡು ವರ್ಷಕ್ಕೆ ಸುರಪುರ ನಿಜಾಮನ ಪಾಲಾಯಿತು. ಕೊಡುವ ಅರಮನೆಯೇ ಬಿದ್ದ ಮೇಲೆ ಕುಂಚ ಹಿಡಿದವನ ಗತಿ ಏನು? ನೀವೇ ಯೋಚಿಸಿ.

ಮಾಮಾನ ಅಂಗಡಿಗೂ ಒಂದು ‘ಅರಮನೆ’ ಇತ್ತು. ಬ್ಯಾನರು ಎಂಬ ಅರಮನೆ. ನೂರು ರೂಪಾಯಿ ಬಂದರೆ ಎಂಬತ್ತು ಬ್ಯಾನರಿನಿಂದಲೇ. ಅದರಲ್ಲೂ ಮುಖ್ಯ ಗಿರಾಕಿಗಳು ಇಬ್ಬರು. ಒಬ್ಬ ರಾಜಕಾರಣಿಯ ಹಿಂಬಾಲಕ. ಇನ್ನೊಬ್ಬ... ಇರಲಿ, ಕೊನೆಯ ರೀಲಿಗೆ.

ಬಾಕಿ ಬುಕ್ಕು

ಅಂಗಡಿಯಲ್ಲಿ ಎರಡು ಪುಸ್ತಕ. ಒಂದು ಆರ್ಡರ್ ಬುಕ್ಕು. ಇನ್ನೊಂದು ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಬಾಕಿ ಬುಕ್ಕು. ಮೊದಲನೆಯದು ಆರು ತಿಂಗಳಿಗೊಮ್ಮೆ ತುಂಬುತ್ತಿತ್ತು. ಎರಡನೆಯದು ಅದಕ್ಕಿಂತ ಬೇಗ!

‘ಮಾಮಾ, ನಾಳಿ ಕೊಡ್ತೀವಿ.’

‘ಆಯ್ತು ತಮ್ಮಾ, ಎಲ್ಲಿ ಹೋಗ್ತದ ರೊಕ್ಕ? ಒಂದೇ ಊರಾಗ ಇರ್ತೀವಿ.’

ಮುಗಿಯಿತು. ಆ ನಾಳೆ ಬರುತ್ತಿರಲಿಲ್ಲ. ಮಾಲೀಕರೂ ಅವರೇ, ಕೂಲಿಯವರೂ ಅವರೇ, ಯಾದಗಿರಿಯ ಪ್ರೆಸ್ಸಿಗೆ ಹೋಗಿ ಬ್ಯಾನರ್ ಸುತ್ತಿಕೊಂಡು ಬಸ್ಸಿನಲ್ಲಿ ತರುವವರೂ ಅವರೇ. ವಸೂಲಿಗೆ ಹೋಗುವವರೂ ಅವರೇ ಆಗಬೇಕಿತ್ತು. ಆದರೆ ಅದೊಂದು ಕೆಲಸಕ್ಕೆ ಮಾತ್ರ ಅವರ ಕಾಲು ಏಳುತ್ತಿರಲಿಲ್ಲ. ‘ಕಲಾವಿದ ಆಗಿ ಮನಿ ಬಾಗಿಲಿಗೆ ಹೋಗಿ ರೊಕ್ಕ ಕೇಳಲೇನು?’ ಎನ್ನುತ್ತಿದ್ದರು. ಪ್ರೆಸ್ಸಿನವನು ಮಾತ್ರ ಇವರಿಂದ ನಗದೇ ಕೇಳುತ್ತಿದ್ದ.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ನಾನು ಸುಮ್ಮನೆ ಕೂತವನು ಆ ಕೆಂಪು ಪುಸ್ತಕದ ಒಂದು ವರ್ಷದ ಬಾಕಿ ಕೂಡಿಸಿದೆ. ಅರವತ್ತು ಸಾವಿರ ದಾಟಿತು! ಕಂಪ್ಯೂಟರಿನ ಸಾಲವೇ ಅಷ್ಟಿರಲಿಲ್ಲ.

ಒಂದು ತಾಸಿನ ಬೆಲೆ ಎಷ್ಟು?

ಗೆಳೆಯರೇ, ಇಲ್ಲಿ ಸ್ವಲ್ಪ ಲೆಕ್ಕ. ಬೇಸರ ಬೇಡ, ಕ್ರಿಕೆಟ್ ಸ್ಕೋರಿನಷ್ಟೇ ಸುಲಭ. ಉದಾಹರಣೆಗೆಂದು ಹೀಗೆ ಇಟ್ಟುಕೊಳ್ಳಿ. ಅಂಗಡಿ ಬಾಡಿಗೆ 3,000. ಕರೆಂಟು 900. ಫೋನು ಮತ್ತು ಇಂಟರ್ನೆಟ್ 700. 60,000ದ ಕಂಪ್ಯೂಟರು ಐದು ವರ್ಷ ಬಾಳಿದರೆ ತಿಂಗಳಿಗೆ 1,000. ಕಾಗದ, ಇಂಕು, ಬಸ್ ಚಾರ್ಜು, ಗಿರಾಕಿಗೆ ಚಹಾ ಸೇರಿ 1,400. ಒಟ್ಟು 7,000. ಮನೆಗೆ 15,000. ಜ್ವರ ಬಂದ ದಿನಕ್ಕೆ, ಕೆಲಸ ಇಲ್ಲದ ತಿಂಗಳಿಗೆ ಎಂದು 3,000 ತೆಗೆದಿಡಿ. ಕೂಡಿಸಿದರೆ 25,000.

ತಿಂಗಳಿಗೆ 25 ದಿನ ಕೆಲಸ. ದಿನಕ್ಕೆ 1,000 ಬರಲೇಬೇಕು. ಅಂಗಡಿ ಒಂಬತ್ತು ತಾಸು ತೆರೆದಿದ್ದರೂ ಮೌಸ್ ಹಿಡಿದು ದುಡಿಯುವುದು ಐದೇ ತಾಸು. ಉಳಿದದ್ದು ಮಾತು, ಓಡಾಟ, ‘ಇನ್ನೊಂದ್ ಫೋಟೋ ಹಾಕ್ರಿ’ ಎನ್ನುವವರ ದಾರಿ ಕಾಯುವುದು. ಹಾಗಾಗಿ ಒಂದು ತಾಸಿನ ಬೆಲೆ 200 ರೂಪಾಯಿ.

ಈಗ ಒಂದು ಅಭಿಮಾನಿ ಬ್ಯಾನರು ತೆಗೆದುಕೊಳ್ಳಿ. ಹೀರೋನ ಫೋಟೋ ಕತ್ತರಿಸಬೇಕು, ಇಪ್ಪತ್ತು ಮುಖ ಜೋಡಿಸಬೇಕು, ಮೂರು ಸಲ ತಿದ್ದಬೇಕು. ಎರಡು ತಾಸು. ಬೆಲೆ 400 ಆಗಬೇಕು. ಸಿಗುವುದು 150! ಅಂದರೆ ತಾಸಿಗೆ 75. ತಿಂಗಳ 125 ತಾಸೂ ಹೀಗೇ ದುಡಿದರೆ 9,375. ಅಂಗಡಿ ಖರ್ಚು 7,000 ಕಳೆದರೆ ಮನೆಗೆ ಉಳಿಯುವುದು 2,375 ರೂಪಾಯಿ. ಅದೂ ಎಲ್ಲರೂ ನಗದು ಕೊಟ್ಟರೆ!

‘ಪ್ರಿಂಟಿನಾಗ ಲಾಭ ಸಿಗ್ತದಲ್ಲ’ ಎನ್ನುತ್ತೀರಿ. ಅದನ್ನೂ ನೋಡೋಣ. ಪ್ರೆಸ್ಸಿನವನು ಚದರಡಿಗೆ 10 ರೂಪಾಯಿ ಹಿಡಿದ, ಇವರು 14ಕ್ಕೆ ಕೊಟ್ಟರು ಎನ್ನಿ. ಆರಡಿ ನಾಲ್ಕಡಿ ಬ್ಯಾನರು 24 ಚದರಡಿ. ಲಾಭ 96 ರೂಪಾಯಿ. ಯಾರದೋ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತು, ಮತ್ತೆ ಪ್ರಿಂಟು ಹಾಕಿಸಬೇಕಾಯಿತು. ನಷ್ಟ 240. ಎರಡೂವರೆ ಬ್ಯಾನರಿನ ಲಾಭ ಒಂದು ಒತ್ತಕ್ಷರ ತಿಂದು ಹಾಕಿತು!

ಮಾಮಾ ಈ ಲೆಕ್ಕವನ್ನು ಒಮ್ಮೆಯೂ ಹಾಕಿರಲಿಲ್ಲ. ಬಣ್ಣದ ಬೆಲೆ ಗೊತ್ತಿತ್ತು, ಫ್ಲೆಕ್ಸಿನ ಬೆಲೆ ಗೊತ್ತಿತ್ತು. ತಮ್ಮ ಒಂದು ದಿನದ ಬೆಲೆ ಮಾತ್ರ ಗೊತ್ತಿರಲಿಲ್ಲ. ನಾನು ಅಂಗಡಿ ಬಿಟ್ಟು ಬರೆಯುವುದಕ್ಕೆ ಇಳಿದ ಎರಡು ವರ್ಷಕ್ಕೆ ಅಲ್ಲಿ ಮೊಬೈಲ್ ಕವರು ಮಾರುವ ಅಂಗಡಿ ಬಂತು. ಮಾಮಾ ಯಾದಗಿರಿಯ ಒಂದು ಪ್ರೆಸ್ಸಿನಲ್ಲಿ ಸಂಬಳಕ್ಕೆ ಸೇರಿಕೊಂಡರು.

ಸುರಪುರದ ಹುಡುಗನ ಕಟ್ಟಳೆ

ಹಾಗಾದರೆ ಒಬ್ಬನೇ ಕೂತು ಇಂಥ ಅಂಗಡಿ ನಡೆಸುವುದು ಆಗದ ಮಾತೇ? ಆಗುತ್ತದೆ. ಸುರಪುರದಲ್ಲಿ ನನ್ನದೇ ವಯಸ್ಸಿನ ಒಬ್ಬ ಹುಡುಗ ನಡೆಸುತ್ತಿದ್ದಾನೆ. ಕೈ ಮಾಮಾನ ಕೈಯಷ್ಟು ದೊಡ್ಡದಲ್ಲ, ಅವನೇ ಒಪ್ಪುತ್ತಾನೆ. ಆದರೆ ಏಳನೇ ವರ್ಷವೂ ಅಂಗಡಿಯ ಬಾಗಿಲು ತೆರೆದೇ ಇದೆ. ಗೋಡೆಯ ಮೇಲೆ ತಾನೇ ಬರೆದು ಅಂಟಿಸಿದ್ದಾನೆ: ‘ಮುಂಗಡ ಕೊಟ್ಟರೆ ಮಾತ್ರ ಕಂಪ್ಯೂಟರ್ ಆನ್ ಆಗುತ್ತದೆ.’

ಅವನ ಮೊದಲ ಕಟ್ಟಳೆ ಇದೇ. ಅರ್ಧ ಮುಂಗಡ, ಉಳಿದರ್ಧ ಬ್ಯಾನರ್ ಕೈಗೆ ಕೊಡುವಾಗ. ಸ್ವಂತ ಅಣ್ಣ ಬಂದರೂ ಹೀಗೇ. ‘ಮೊದಲ ವರ್ಷ ಮಂದಿ ಬೈದ್ರು. ಎರಡನೇ ವರ್ಷ ಅವ್ರೇ ರೊಕ್ಕ ಹಿಡ್ಕೊಂಡು ಬಂದ್ರು’ ಎಂದು ನಗುತ್ತಾನೆ.

ಎರಡನೆಯದು, ತಿದ್ದುಪಡಿ ಎರಡೇ ಸಲ ಬಿಟ್ಟಿ. ಮೂರನೆಯದಕ್ಕೆ ಬೇರೆ ದರ. ಪ್ರಿಂಟಿಗೆ ಕೊಡುವ ಮೊದಲು ವಾಟ್ಸಾಪಿನಲ್ಲಿ ನಮೂನೆ ಕಳಿಸುತ್ತಾನೆ. ಗಿರಾಕಿ ‘ಸರಿ ಇದೆ’ ಎಂದು ಬರೆದು ಕಳಿಸಲೇಬೇಕು. ಆಮೇಲೆ ಒತ್ತಕ್ಷರ ತಪ್ಪಿದ್ದರೆ ನಷ್ಟ ಅವನದಲ್ಲ.

ಮೂರನೆಯದು, ಯಾವ ಗಿರಾಕಿಯೂ ಒಟ್ಟು ಗಳಿಕೆಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಬಾರದು. ಬ್ಯಾನರಿನ ಜೊತೆಗೆ ಲಗ್ನಪತ್ರಿಕೆ ಮಾಡುತ್ತಾನೆ, ಬಿಲ್ ಬುಕ್ಕು ಮಾಡುತ್ತಾನೆ. ಬೀಜ ಗೊಬ್ಬರದ ಒಂದು ಅಂಗಡಿಗೆ, ಒಂದು ಶಾಲೆಗೆ, ಒಂದು ಆಸ್ಪತ್ರೆಗೆ ತಿಂಗಳಿಗೆ ಇಂತಿಷ್ಟು ಎಂದು ಗೊತ್ತುಮಾಡಿಕೊಂಡು ಎಲ್ಲ ಡಿಸೈನೂ ಮಾಡಿಕೊಡುತ್ತಾನೆ. ಬಾಡಿಗೆ, ಕರೆಂಟು ಅಲ್ಲಿಂದಲೇ ಹೊರಡುತ್ತದೆ. ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ಮಾಡಿದ್ದನ್ನೇ ಇವನು ಸುರಪುರದಲ್ಲಿ ಚಿಕ್ಕದಾಗಿ ಮಾಡುತ್ತಿದ್ದಾನೆ.

ನಾಲ್ಕನೆಯದು, ಸುಗ್ಗಿಯ ಹಣ ಸುಗ್ಗಿಯಲ್ಲೇ ತಿನ್ನಬಾರದು. ಕೃಷ್ಣೆಯ ಕಾಲುವೆ ನೀರಿನ ಊರಿದು. ಭತ್ತ, ಹತ್ತಿ, ಮೆಣಸಿನಕಾಯಿ ಮಾರಾಟವಾದರೆ ಮದುವೆ. ಮದುವೆಯಾದರೆ ಬ್ಯಾನರು, ಲಗ್ನಪತ್ರಿಕೆ. ಆಷಾಢದಲ್ಲಿ ಅಂಗಡಿ ಖಾಲಿ. ಜಾತ್ರೆ, ಮದುವೆ, ಚುನಾವಣೆಯ ಗಳಿಕೆಯಲ್ಲಿ ಒಂದು ಪಾಲು ಆ ಖಾಲಿ ತಿಂಗಳಿಗೆಂದು ಬ್ಯಾಂಕಿಗೆ ಹೋಗುತ್ತದೆ.

ಐದನೆಯದು ನನಗೆ ಬಹಳ ಹಿಡಿಸಿತು. ಲಕ್ಷಗಟ್ಟಲೆ ಸಾಲ ಮಾಡಿ ಸ್ವಂತ ಫ್ಲೆಕ್ಸ್ ಮಷಿನ್ ಹಾಕು ಎಂದು ಎಲ್ಲರೂ ಹುರಿದುಂಬಿಸಿದರು. ಅವನು ಹಾಕಲಿಲ್ಲ. ‘ಮಷಿನ್ ತಂದ್ರ ಅದಕ್ಕ ದಿನಾ ಮೇವು ಹಾಕಬೇಕು. ಆಮ್ಯಾಲ ನಾ ಅದರ ಆಳು’ ಎಂದ. ಅದು ಒಳ್ಳೆಯದೇ ಆಯಿತು. 2016ರ ಮಾರ್ಚಿನಲ್ಲೇ ರಾಜ್ಯ ಸರಕಾರ ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿ ಆದೇಶ ಹೊರಡಿಸಿತ್ತು. ಆದರೂ ಫ್ಲೆಕ್ಸ್ ತೂಗಾಡುತ್ತಿರುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಅಧಿಕಾರಿ ಮನಸ್ಸು ಮಾಡಿದ ದಿನ ಮಷಿನ್ ಮೂಲೆಗೆ ಬೀಳುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಇನ್ನೊಂದು ಕಡೆ, ಅಂಗಡಿ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂತು. ಬೋರ್ಡು ಬರೆಯುವವನಿಗೆ ಅದು ಒಳ್ಳೆಯ ಸುದ್ದಿ.

ಕಾಗದ ಪತ್ರದ ಮಾತೂ ಹೇಳಿದ. ಉದ್ಯಮ್ ನೋಂದಣಿಗೆ ದುಡ್ಡು ಕೊಡಬೇಕಿಲ್ಲ. ನೋಂದಣಿಯಾದ ಸಣ್ಣ ಉದ್ಯಮಕ್ಕೆ ಗಿರಾಕಿ ಸಂಸ್ಥೆ 45 ದಿನದೊಳಗೆ ಹಣ ಕೊಡಬೇಕೆಂಬ ಕಾಯಿದೆ 2006ರಿಂದ ಇದೆ. ಬಿಲ್ಲಿನ ಕೆಳಗೆ ಆ ಒಂದು ಸಾಲು ಅಚ್ಚು ಹಾಕಿಸಿದ್ದಾನೆ. ‘ಅದನ್ನ ಓದಿದ್ರ ದೊಡ್ಡ ಸಂಸ್ಥೆಯವ್ರೂ ಜಲ್ದಿ ಕೊಡ್ತಾರ’ ಎಂದ.

‘ಈಗ ಮೊಬೈಲಿನಾಗ ಬಿಟ್ಟಿ ಬ್ಯಾನರ್ ಆಗ್ತದ. ಎಐಗೆ ಹೇಳಿದ್ರ ಸಿಂಹದ ಮ್ಯಾಲೆ ಹೀರೋನ್ನ ಕೂಡಿಸ್ತದ. ನಿನ್ನ ಗತಿ?’ ಎಂದು ಕೇಳಿಯೇ ಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಸಣ್ಣ ಕೆಲಸ ಹೋಗ್ಲಿಕ್ಹತ್ಯಾವ, ಸುಳ್ಳು ಹೇಳಂಗಿಲ್ಲ’ ಎಂದ. ಆಮೇಲೆ ಎಐ ಮಾಡಿದ ಒಂದು ಚಿತ್ರ ತೋರಿಸಿದ. ಅದರಲ್ಲಿ ‘ಶುಭಾಶಯ’ ಎಂಬುದು ಯಾವ ಭಾಷೆಯೋ ಆಗಿತ್ತು! ಯಾರ ಫೋಟೋ ಮೇಲೆ, ಯಾರದು ಕೆಳಗೆ, ಯಾರ ಹೆಸರಿನ ಹಿಂದೆ ‘ಶ್ರೀ’, ಯಾರ ಹಿಂದೆ ‘ಪೂಜ್ಯ’... ಈ ಊರಿನ ಈ ಲೆಕ್ಕ ಇನ್ನೂ ಊರಿನವನಿಗೇ ಗೊತ್ತು. ಅಷ್ಟರ ಮೇಲೆ ಅವನ ಅಂಗಡಿ ನಿಂತಿದೆ.

ಇನ್ನೊಂದು ಲೆಕ್ಕ

ಒಂದು ಕಹಿ ಮಾತನ್ನೂ ಹೇಳಲೇಬೇಕು. 2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬದ ಬ್ಯಾನರ್ ಕಟ್ಟುವಾಗ ಕರೆಂಟು ತಗುಲಿ ಮೂವರು ಯುವಕರು ಸತ್ತರು. ಯಶ್ ಅವರೇ ಆ ಊರಿಗೆ ಬಂದರು. ಇಂಥ ಬ್ಯಾನರು ಬೇಡ ಎಂದರು. ಸುರಪುರದ ಹುಡುಗ ಅಂದಿನಿಂದ ಹತ್ತಡಿಗಿಂತ ಎತ್ತರದ ಕಬ್ಬಿಣದ ಚೌಕಟ್ಟಿನ ಆರ್ಡರು ಹಿಡಿಯುವುದಿಲ್ಲ. ‘ಲೈಟಿನ ತಂತಿ ಎಲ್ಲಿ ಅದ?’ ಎಂದು ಕೇಳಿಯೇ ಅಳತೆ ಬರೆದುಕೊಳ್ಳುತ್ತಾನೆ. ಬೇಡ ಎನ್ನುವುದೂ ವ್ಯಾಪಾರವೇ.

ಕೊನೆಯ ರೀಲು

ಈಗ ವಿಲನ್ ಯಾರು ಹೇಳಲೇ?

ಅವತ್ತು ಮಧ್ಯಾಹ್ನ ಬಾಕಿ ಬುಕ್ಕು ತಿರುವಿದೆನಲ್ಲ, ಅದರಲ್ಲಿ ಒಂದು ಸಾಲು ನನ್ನ ಹೆಸರಿನಲ್ಲೇ ಇತ್ತು. ಅಂಗಡಿಗೆ ಸೇರುವುದಕ್ಕೂ ಮೊದಲಿನದು. ಹೀರೋನ ಹುಟ್ಟುಹಬ್ಬದ ಬ್ಯಾನರು, 850 ರೂಪಾಯಿ. ಹತ್ತು ಮಂದಿ ಗೆಳೆಯರು ಸೇರಿ ಹಾಕಿಸಿದ್ದೆವು. ಹಾರಕ್ಕೆ ಕೊಟ್ಟೆವು, ಪಟಾಕಿಗೆ ಕೊಟ್ಟೆವು, ಹಾಲಿಗೂ ಕೊಟ್ಟೆವು. ಇವೆಲ್ಲ ನಗದು! ಬ್ಯಾನರಿಗೆ ಮಾತ್ರ ‘ನಾಳಿ ಕೊಡ್ತೀವಿ ಮಾಮಾ.’ ಆ ಪುಟದ ಹಿಂದೆ ಮುಂದೆ ಇದ್ದ ಹೆಸರುಗಳೂ ಹೆಚ್ಚುಪಾಲು ಅಭಿಮಾನಿ ಸಂಘಗಳದ್ದೇ. ಮಾಮಾನ ಎರಡನೇ ದೊಡ್ಡ ಗಿರಾಕಿ ನಾವೇ, ಅಭಿಮಾನಿಗಳು! ರಾಜಕಾರಣಿಯ ಹಿಂಬಾಲಕನಾದರೂ ಚುನಾವಣೆಗೆ ಮೊದಲು ಒಂದಿಷ್ಟು ಕೊಟ್ಟು ಹೋಗುತ್ತಿದ್ದ. ನಾವು ಅದನ್ನೂ ಕೊಡಲಿಲ್ಲ.

ಆ ಸಾಲು ನೋಡಿಯೂ ನಾನು ಪುಸ್ತಕ ಮುಚ್ಚಿ ಸುಮ್ಮನಿದ್ದೆ. ಮಾಮಾನೂ ಒಂದು ದಿನ ಕೇಳಲಿಲ್ಲ.

ಈ ಲೇಖನ ಬರೆಯಬೇಕೆಂದಾಗ ಮನಸ್ಸು ತಡೆಯಲಿಲ್ಲ. ಹೋದ ತಿಂಗಳು ಯಾದಗಿರಿಗೆ ಹೋದೆ. ಪ್ರೆಸ್ಸಿನ ಹಿಂಬಾಗಿಲಲ್ಲಿ ಮಾಮಾ ಚಹಾ ಕುಡಿಯುತ್ತಾ ನಿಂತಿದ್ದರು. ಕೂದಲು ಬೆಳ್ಳಗಾಗಿದೆ. ಕಾಲು ಮುಟ್ಟಿ 850 ರೂಪಾಯಿ ಕೈಗಿಟ್ಟೆ. ಯಾವುದು ಎಂದು ಹೇಳುವುದು ಬೇಕಾಗಲಿಲ್ಲ.

ಎಣಿಸಿದರು. ಜೇಬಿಗೆ ಇಟ್ಟರು. ‘ಹತ್ತು ಮಂದಿ ಇದ್ರಿ. ಉಳಿದವ್ರು ಒಂಬತ್ತು ಪಾಲು ನಿನಗ ಕೊಟ್ರೇನು?’ ಎಂದರು.

‘ಇಲ್ಲ ಮಾಮಾ, ನಾ ಒಬ್ಬನೇ ತಂದೀನಿ.’

‘ಹಂಗಾದ್ರ ನಿನಗೂ ಒಂದು ಬಾಕಿ ಬುಕ್ಕು ಬೇಕು ನೋಡು!’ ಎಂದು ನಕ್ಕರು. ಆಮೇಲೆ ಒಂದು ಚೀಟಿ ತೆಗೆದು ರಶೀದಿ ಬರೆದರು. ಬಾಲ್ ಪೆನ್ನಿನಲ್ಲೇ ಬರೆದರೂ ಅದೇ ದುಂಡು ಅಕ್ಷರ, ಟಾಕೀಸಿನ ಸ್ಲೈಡಿನ ಅಕ್ಷರ. ‘ರೂ. 850 ಪೂರ್ತಿ ಮುಟ್ಟಿತು.’ ಅಡಿಯಲ್ಲಿ ಎರಡು ಗೆರೆ.

ಆ ಹಣ ಈಗ ಅಂಗಡಿಯನ್ನು ಮರಳಿ ತರುವುದಿಲ್ಲ, ನನಗೆ ಗೊತ್ತು. ಅವತ್ತೇ ಕೊಟ್ಟಿದ್ದರೆ? ನಮ್ಮಂಥ ಎಪ್ಪತ್ತು ಸಂಘ ಕೊಟ್ಟಿದ್ದರೆ?

ಮಿತ್ರರೇ, ನಿಮ್ಮಲ್ಲಿ ಯಾರಾದರೂ ಇಂಥ ಅಂಗಡಿ ಇಡಬೇಕೆಂದಿದ್ದರೆ ಕೈ ಕಲಿಯುವ ಜೊತೆಗೆ ನಿಮ್ಮ ತಾಸಿನ ಬೆಲೆ ಕಲಿಯಿರಿ. ಮುಂಗಡ ಕೇಳಲು ನಾಚಬೇಡಿ. ಅಂಗಡಿ ಇಡದವರು ಬರುವ ಹುಟ್ಟುಹಬ್ಬಕ್ಕೆ ಬ್ಯಾನರ್ ಹಾಕಿಸುವ ಮೊದಲು ಹಳೆಯ ಬಾಕಿ ನೆನಪು ಮಾಡಿಕೊಳ್ಳಿ. ಹೀರೋಗೆ ನಿಮ್ಮ 850 ರೂಪಾಯಿ ಬೇಕಿಲ್ಲ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹೆಸರು ಬರೆದುಕೊಂಡವನಿಗೆ ಬೇಕು.

ಬಸ್ಸು ಬಂತೇನೋ ನೋಡಿ. ಇನ್ನೂ ಬಂದಿಲ್ಲವೇ? ಹಾಗಾದರೆ ಎದುರಿನ ಬ್ಯಾನರಿನ ಮೂಲೆಯ ಆ ನಂಬರು ಒಮ್ಮೆ ಓದಿ. ಅದರಲ್ಲಿ ನಿಮ್ಮ ಸಂಘದ್ದೂ ಒಂದು ಬಾಕಿ ಇರಬಹುದು. ಫೋನ್ ಹಚ್ಚಿ ಕೇಳಿದರೆ ತಪ್ಪೇನು?